ಮೂರನೇ ಜೊತೆ

ಗ್ರಿಮ್ಸ್‌ಬಿಯಲ್ಲಿ ಮಂಗಳವಾರ, ಊಟದ ಗಂಟೆ ಮುಗಿದ ಮೇಲೆ
ಕಿಟಕಿಯಾಚೆ ಕಡಲಹಕ್ಕಿಗಳ ಜಗಳ, ಈಚೆ ನಮ್ಮದು:
ಚಾಪೆಯ ಮುಂದಿನ ಸಾಲು ಯಾರದು?
ಹದಿನೇಳು ಮಕ್ಕಳು, ಮೂವತ್ನಾಲ್ಕು ಮೊಣಕಾಲು,
ಎಲ್ಲೋ ಒಂದು ಸುರಿಯುವ ಮೂಗು.
ಪುಸ್ತಕ ಎದೆಗವಚಿ ಕೂತಿದ್ದೇನೆ.
ಬೆನ್ನು ಹರಿದು ಅಂಟುಪಟ್ಟಿ ಸುತ್ತಿಸಿಕೊಂಡ ಪುಸ್ತಕ,
ಒಳಗೆ ಒಂದಕ್ಷರವೂ ಇಲ್ಲ.

ಒಬ್ಬಳು ಅಂಚೆಯವಳು, ಅವಳ ಸೈಕಲ್ಲು, ಎದುರಿಗೆ ಗುಡ್ಡ,
ಬೆನ್ನು ಬಿದ್ದ ಕಂದು ನಾಯಿ. ಅಷ್ಟೇ.
ಕೊನೆಯ ಪುಟವಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ
ಯಾರೋ ಹರಿದಿದ್ದರು, ಅಥವಾ ತಿಂದಿದ್ದರು.
ನಾಲ್ಕು ವರ್ಷದಿಂದ ತೋರಿಸುತ್ತಿದ್ದೇನೆ,
ಕಥೆ ಎಲ್ಲಿಗೆ ಮುಟ್ಟುತ್ತದೆಂದು ನನಗೂ ಗೊತ್ತಿಲ್ಲ.

ಮೇಲಿನವರು ಕೊಟ್ಟ ಹಾಳೆ ಹೇಳುತ್ತದೆ:
ಮಗು ಹೋಲಿಸಲಿ, ಊಹಿಸಲಿ, ಕಾರಣ ಕೊಡಲಿ.
ನಮ್ಮ ಕಾಲದಲ್ಲಿ ಪಾಠಪುಸ್ತಕದ ಚಿತ್ರ ಇದ್ದದ್ದು
ಮೀಸೆ ಬರೆಯುವುದಕ್ಕೆ.
ಮೇಷ್ಟ್ರಿಗೆ ಬೇಕಾಗಿದ್ದದ್ದು ಉತ್ತರ;
ಮುಂದೇನು ಎಂದವನಿಗೆ ಬೆತ್ತವೇ ಮುಂದಿರುತ್ತಿತ್ತು.
ಇಲ್ಲಿ ಅದೇ ಮಾತನ್ನು ದಿನಕ್ಕೆ ನಲವತ್ತು ಸಲ ಕೇಳಿ
ಸಂಬಳ ತಗೊಳ್ಳುತ್ತೇನೆ.

"ಕಂಡದ್ದು ಮೊದಲು ಹೇಳಿ, ಕಾಣದ್ದು ಆಮೇಲೆ."
ಎರಡನೇ ಪುಟಕ್ಕೊಂದು, ಐದನೇ ಪುಟಕ್ಕೊಂದು ಬೆರಳು ಸಿಕ್ಕಿಸಿ
ಹಾಗೆ, ಹೀಗೆ, ಮತ್ತೆ ಹಾಗೆ, ಮಗುಚುತ್ತೇನೆ.
"ಚೀಲ ದಪ್ಪ ಇತ್ತು, ತೆಳ್ಳಗಾಯ್ತು!"
"ನೆರಳು ಉದ್ದ ಆಯ್ತು!"
"ನಾಯಿ ನಗ್ತಿದೆ."
ನಾಯಿ ನಗುತ್ತಿಲ್ಲ. ಇರಲಿ.
ಮುಂದೇನು?

ಗಾಳಿ ಕಾಗದ ಕದಿಯುತ್ತೆ, ಎಂದಳು ಮೇಬೆಲ್.
ಬೆಳಿಗ್ಗೆ ತಾನೇ ಅವಳ ಟೋಪಿ ಹಾರಿ
ಹಡಗುಕಟ್ಟೆಯ ನೀರು ಸೇರಿತ್ತು.
ಕಾಗದ ಎಲ್ಲಾ ಬರೆದದ್ದು ನಾಯಿಯೇ, ಎಂದ ಒಸ್ಮಾನ್.
ಕಾರಣ?
"ಅದಕ್ಕೇ ತಾನೇ ಅದು ಹಿಂದೆ ಬರೋದು,
ಸರಿಯಾದ ಮನೆಗೆ ಕೊಡ್ತಾಳೋ ಇಲ್ವೋ ನೋಡೋಕೆ."
ಹಾಳೆಯಲ್ಲಿ ಯಾವ ಚೌಕಕ್ಕೆ ಟಿಕ್ ಹಾಕಲಿ ಇದಕ್ಕೆ?
ಹಿಂದಿನಿಂದೊಂದು ದನಿ: "ಡೈನೋಸಾರ್ ಬರುತ್ತೆ."
ಕಾರಣ?
"ಬರುತ್ತೆ."

ಒಲೆಕ್ ಮಾತ್ರ ಸೆಪ್ಟೆಂಬರಿನಿಂದ ಬಾಯಿ ಬಿಟ್ಟವನಲ್ಲ.
ಅಮ್ಮನದು ಮೀನಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ,
ಕರೆದೊಯ್ಯಲು ಬಂದಾಗ ನಿಂತಲ್ಲೇ ತೂಗುತ್ತಾಳೆ.
ಅವನು ಪೋಲಿಷಿನಲ್ಲಿ ಒಳಗೊಳಗೇ ಏನೋ ಕೂಡಿಸುತ್ತಿರುತ್ತಾನೆ,
ಬಸ್ಸಿನ ಚಿಲ್ಲರೆಯನ್ನು ನಾನು ಇಂದಿಗೂ
ಕನ್ನಡದಲ್ಲಿ ಎಣಿಸುವ ಹಾಗೆ.

ಅವನು ಎದ್ದ. ಅಲ್ಲ, ಏಳಲಿಲ್ಲ,
ಮಂಡಿಯೂರಿಕೊಂಡೇ ಮುಂದಿನ ಸಾಲು ದಾಟಿ ಬಂದ.
ನನ್ನ ಹೆಬ್ಬೆರಳನ್ನು ಕೀಲು ತೆಗೆದ ಹಾಗೆ ಮೆಲ್ಲಗೆ ಎತ್ತಿ
ಪಕ್ಕಕ್ಕಿಟ್ಟ.
ಅದರಡಿಯಲ್ಲಿ ಗುಡ್ಡದ ತುದಿ, ಕಡಲೆಕಾಳಿನಷ್ಟು ಮನೆ,
ಮನೆಗೊಂದು ಹೊಸ್ತಿಲು.
ಎರಡನೇ ಪುಟದಲ್ಲಿ ಹೊಸ್ತಿಲಾಚೆ ಎರಡು ಜೊತೆ ಬೂಟು.
ಏಳನೇ ಪುಟದಲ್ಲಿ ಮೂರು.
ಮೂರನೆಯದರಿಂದ ನೀರು ಇಳಿಯುತ್ತಿತ್ತು.

ನಾಲ್ಕು ವರ್ಷ. ವರ್ಷಕ್ಕೆ ಮೂವತ್ತೋ ಮೂವತ್ತೈದೋ ಮಂಗಳವಾರ.
ನೋಡಿ, ನೋಡಿ, ಎನ್ನುತ್ತಾ ಹಿಡಿದು ಕೂತವಳ
ಹೆಬ್ಬೆರಳೇ ಅಡ್ಡ.

"ಯಾರೋ ಬಂದಿದ್ದಾರೆ," ಎಂದ ಒಲೆಕ್,
ಅವನ ದನಿ ಇಷ್ಟು ದಪ್ಪವೆಂದು ಯಾರಿಗೆ ಗೊತ್ತಿತ್ತು,
"ಕಾಗದಕ್ಕಿಂತ ಮೊದಲೇ."
ಯಾರೂ ಉಸಿರೆತ್ತಲಿಲ್ಲ.
ಡೈನೋಸಾರ್ ಕೂಡ ಸ್ವಲ್ಪ ಹೊತ್ತು ಕಾದಿತು.

ಶುಕ್ರವಾರ ಮಿಸೆಸ್ ಬ್ಲ್ಯಾಂಚರ್ಡ್ ಹೊಸ ಪ್ರತಿ ತರಿಸಿಕೊಟ್ಟರು,
ಇಡಿಯ ಪುಸ್ತಕ, ಕೊನೆಯ ಪುಟ ಸಮೇತ,
ಶಾಯಿಯ ವಾಸನೆ ಇನ್ನೂ ಆರಿರಲಿಲ್ಲ.
ತೆಗೀರಿ, ತೆಗೀರಿ, ಎಂದು ಹದಿನಾರು ಗಂಟಲು.
ನನಗೂ ತಡೆಯಲಾಗುತ್ತಿರಲಿಲ್ಲ, ಸುಳ್ಳೇಕೆ,
ಉಗುರು ಆಗಲೇ ಹಾಳೆಯ ಅಂಚಿನಡಿ ಹೋಗಿತ್ತು.
ಒಲೆಕ್ ನನ್ನ ಮುಂಗೈ ಹಿಡಿದ.
"ಇರಿ," ಎಂದ,
"ನಾಯಿ ಕಾಲು ನೋಡಿಲ್ಲ ಇನ್ನೂ."